ಬಲಕ್ಕೆ ಬಿದ್ದ ಹೂವು

॥ ಶ್ರೀ ಅಮ್ಮನವರು ಪ್ರಸನ್ನ ॥

ಉಪ್ಪುಂದ
12-8-2025, ಮಂಗಳವಾರ

ಪ್ರೀತಿಯ ಸುಂದರಿ ಅತ್ತಿಗೆಗೆ ಸರಸ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಗಂಟುನೋವಿಗೆ ನಾನು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀರೋ, ಇಲ್ಲ ಬಾಟಲಿಯನ್ನು ದೇವರ ಮುಂದೆ ಇಟ್ಟು ಕೈ ಮುಗಿಯುತ್ತಿದ್ದೀರೋ? ನಿಮ್ಮ ಯಜಮಾನರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದು ನಂಬಿದ್ದೇನೆ. ಅಮ್ಮನವರ ದಯೆಯಿಂದ ನಾವು ಕ್ಷೇಮ. ಫೋನು ಬಿಟ್ಟು ಕಾಗದ ಯಾಕೆ ಎಂದು ಬೇಸರಿಸಬೇಡಿ. ಕಿವಿ ಮಂದವಾದ ಮೇಲೆ ನೀವು ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುತ್ತೀರಿ. ನಾನು ಇಲ್ಲಿ ಸಾರಿಗೆ ಹುಳಿ ಹೆಚ್ಚಾಯಿತು ಎಂದರೆ ಅಲ್ಲಿ ಡೊಂಬಿವ್ಲಿಯಲ್ಲಿ ನಿಮ್ಮ ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತದೆ. ಇದು ಅಂಥ ವಿಷಯವಲ್ಲ.

ವಿಷಯ ನಿಮ್ಮ ತಮ್ಮನದು, ಅಂದರೆ ನಮ್ಮ ಮನೆಯವರದು. ಅವರು ಕಾಲೇಜಿಗೆ ಹೋದದ್ದೇ ಫುಟ್‌ಬಾಲ್ ಆಡಲಿಕ್ಕೆ, ಓದು ಹೇಗೋ ಜೊತೆಗೆ ಆಯಿತು ಎಂದು ಮಾವನವರು ಹೇಳುತ್ತಿದ್ದರು. ಡಿಗ್ರಿ ಮುಗಿದರೂ ಆ ಮೈದಾನ ಬಿಡಲಿಲ್ಲ. ಅದೇ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರಾದರು, ಸಂಜೆ ನಾಲ್ಕರ ಮೇಲೆ ಅಸಿಸ್ಟೆಂಟ್ ಕೋಚ್. ಇಪ್ಪತ್ತಾರು ವರ್ಷ ಹೀಗೇ ಕಳೆಯಿತು. ಟೀಮಿನ ಜೆರ್ಸಿಗಳು ಇವತ್ತಿಗೂ ನಮ್ಮ ಮನೆಗೇ ಬರುತ್ತವೆ. ನಾನು ಒಗೆದು ಅಂಗಳದಲ್ಲಿ ಒಣಹಾಕಿದರೆ ದಾರಿಯಲ್ಲಿ ಹೋಗುವ ಪರವೂರಿನವರು ನಿಮಗೆಷ್ಟು ಗಂಡುಮಕ್ಕಳು ಎಂದು ಕೇಳುತ್ತಾರೆ. ಗೋಲಿನ ಬಲೆ ಹರಿದರೆ ಮಾವನವರ ಬಲೆ ನೇಯುವ ಸೂಜಿ ತೆಗೆದುಕೊಂಡು ಇವರೇ ಕೂತು ಹೆಣೆಯುತ್ತಾರೆ, ಅದೂ ಹಳೇ ಮೀನುಬಲೆಯ ತುಂಡು ಸೇರಿಸಿ. ಹೊರಗಿನ ಟೀಮಿನ ಗೋಲ್‌ಕೀಪರುಗಳು ಮೂಗು ಮುಚ್ಚಿಕೊಂಡು ನಿಲ್ಲುವ ಮೈದಾನ ಜಿಲ್ಲೆಯಲ್ಲಿ ನಮ್ಮದೊಂದೇ ಅಂತೆ. ಇದನ್ನು ಅವರು ಹೆಮ್ಮೆಯಿಂದ ಹೇಳುತ್ತಾರೆ.

ದೊಡ್ಡ ಕೋಚ್ ಚಂದಯ್ಯ ಮಾಸ್ಟ್ರಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ಕಳೆದ ವಾರ ಪ್ರಿನ್ಸಿಪಾಲರು ಇವರನ್ನು ಕರೆದು, ಪಾಂಡು, ಇನ್ನು ನೀವೇ ದೊಡ್ಡ ಕೋಚ್, ಒಪ್ಪಿಗೆ ತಿಳಿಸಿ ಎಂದರು. ಇವರು ಒಪ್ಪದಿದ್ದರೆ ಆ ಜಾಗಕ್ಕೆ ಸುಜನ್ ಬರುತ್ತಾನೆ. ಇವರ ಕೈಯಲ್ಲೇ ಆಟ ಕಲಿತವನು, ಈಗ ಆಟದ್ದೇ ಡಿಗ್ರಿ ಮಾಡಿಕೊಂಡು ಬಂದಿದ್ದಾನೆ. ಒಳ್ಳೆಯವನೇ. ಆದರೆ ಬೂಟಿನ ದಾರ ಕಟ್ಟಲು ಕಲಿಸಿದವರೇ ಅವನ ಹಿಂದೆ ನೀರಿನ ಬಾಟಲಿ ಹಿಡಿದು ನಿಲ್ಲುವುದೆಂದರೆ ನನ್ನ ಹೊಟ್ಟೆ ಉರಿಯದೇ ಇರುತ್ತದೆಯೇ? ನಿಮ್ಮ ತಮ್ಮನದು ಒಂದೇ ರಾಗ: “ನಂಗ್ ಮೈಕ್ ಕಂಡ್ರೆ ನಾಲ್ಗಿ ಒಣಗ್ತ್ ಮಾರಾಯ್ತಿ. ದೊಡ್ ಕೋಚ್ ಆದ್ರೆ ವಾರ್ಷಿಕೋತ್ಸವದ ದಿನ ಭಾಷಣ ಮಾಡ್ಲೇ ಬೇಕ್.” ಇಪ್ಪತ್ತಾರು ವರ್ಷ ಗೆರೆಯ ಹೊರಗೆ ನಿಂತು ಬೊಬ್ಬೆ ಹೊಡೆದವರಿಗೆ ಮೈಕ್ ಯಾಕೆ ಬೇಕು ಎಂದು ಕೇಳಿದೆ.

ಕೊನೆಗೆ, ನಾವು ಜಗಳಾಡುವುದು ಬೇಡ, ಅಮ್ಮನವರನ್ನೇ ಕೇಳುವ ಎಂದಾಯಿತು. ಶುಕ್ರವಾರ ಗುಡಿಗೆ ಹೋದೆವು. ವರಮಹಾಲಕ್ಷ್ಮಿಯ ದಿನವಾದ್ದರಿಂದ ಕಾಲಿಡಲು ಜಾಗವಿಲ್ಲ. ಭಟ್ಟರಿಗೂ ಪುರುಸೊತ್ತಿಲ್ಲ. ಬಾಯಿಬಿಟ್ಟು ಹೇಳುವುದು ಬೇಡ, ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಿ ಎಂದು ಅಮ್ಮನ ಮುಡಿಯಲ್ಲಿ ಹೂ ಇಟ್ಟರು. ನಾವಿಬ್ಬರೂ ಕಣ್ಣು ಮುಚ್ಚಿದೆವು. ಹೂ ಬಲಕ್ಕೆ ಬಿತ್ತು. ಬಲಕ್ಕೆ ಬಿದ್ದರೆ ಅಮ್ಮ ಹೂಂ ಎಂದ ಹಾಗೆ, ನಿಮಗೆ ಗೊತ್ತೇ ಇದೆ. ದಾರಿಯುದ್ದಕ್ಕೂ ಇವರು ನಗುತ್ತಾ ಬಂದರು, ನಾನೂ ನಗುತ್ತಾ ಬಂದೆ. ಮದುವೆಯಾದ ಮೇಲೆ ಇಷ್ಟು ಒಮ್ಮತದಿಂದ ನಾವು ಎಲ್ಲಿಂದಲೂ ಮನೆಗೆ ಬಂದದ್ದಿಲ್ಲ.

ನಾನು ಪಾಯಸ ಮಾಡಿ ಅಕ್ಕಪಕ್ಕದ ಏಳು ಮನೆಗೆ ಹಂಚಿ, ಇವರು ದೊಡ್ಡ ಕೋಚ್ ಆದರು ಎಂದು ಹೇಳಿ ಬಂದೆ. ಭಾನುವಾರ ಚಂದಯ್ಯ ಮಾಸ್ಟ್ರು ಬಂದರು. ಅವರಿಗೂ ಪಾಯಸ ಕೊಟ್ಟರೆ ಲೋಟ ಮುಟ್ಟದೆ, “ಎಂತಕ್ ಸರಸಕ್ಕ ಪಾಯ್ಸ? ನಿಮ್ ಗಂಡ ನಿನ್ನೆ ಪ್ರಿನ್ಸಿಪಾಲರ ಹತ್ರ ಬ್ಯಾಡ ಅಂದ್ ಬಂದಾಯ್ತಲೆ” ಎಂದರು. ಆಗ ಗೊತ್ತಾಯಿತು. ನಾನು ಕೇಳಿದ್ದು, ಇವರು ದೊಡ್ಡ ಕೋಚ್ ಆಗಬೇಕೇ ಅಮ್ಮಾ ಎಂದು. ಇವರು ಕೇಳಿದ್ದು, ನಾನು ಇದ್ದ ಹಾಗೇ ಇರಲೇ ಅಮ್ಮಾ ಎಂದು. ಹೂ ಮಾತ್ರ ಒಂದೇ.

ನಿನ್ನೆ ಇಬ್ಬರೂ ಭಟ್ಟರ ಹತ್ತಿರ ಓಡಿದೆವು. “ಗಂಡ ಹೆಂಡ್ತಿ ಒಟ್ಟಿಗ್ ಬಂದ್ರೆ ಕೇಂಬುದೂ ಒಂದೇ ಅಂದ್ಕಂಡೆ. ಇನ್ನ್ ನಾ ಎಂತ ಮಾಡುದು?” ಎಂದರು ಅವರು. ಅದೇ ವಿಷಯವನ್ನು ನಾವೇ ಮತ್ತೆ ಕೇಳಿದರೆ ಅಮ್ಮನನ್ನು ಪರೀಕ್ಷೆ ಮಾಡಿದ ಹಾಗಾಗುತ್ತದಂತೆ. ಮನೆಯ ಹಿರಿಯರು ಕೇಳಿದರೆ ಅಡ್ಡಿಯಿಲ್ಲವಂತೆ. ಈ ಮನೆಗೆ ಈಗ ಹಿರಿಯರೆಂದರೆ ನೀವೊಬ್ಬರೇ. ಹೇಗೂ ಚೌತಿಗೆ ಬರುವವರಿದ್ದೀರಿ. ಚಂದಯ್ಯ ಮಾಸ್ಟ್ರು ಮಾತಾಡಿ ಪ್ರಿನ್ಸಿಪಾಲರನ್ನು ಅಲ್ಲಿಯವರೆಗೆ ತಡೆದು ನಿಲ್ಲಿಸಿದ್ದಾರೆ. ನೀವು ಬಂದ ದಿನವೇ ಗುಡಿಗೆ ಹೋಗುವ. ನಾನು ಹೀಗೆ ಕೇಳಿ, ಹಾಗೆ ಕೇಳಿ ಎಂದು ಹೇಳುವವಳಲ್ಲ. ಆದರೆ ತಮ್ಮನ ಹೆಸರಿನ ಹಿಂದೆ ಅಸಿಸ್ಟೆಂಟ್ ಎಂಬುದು ತಪ್ಪಬೇಕೆಂದು ಅಕ್ಕನಿಗೂ ಆಸೆ ಇರುತ್ತದೆ ಎಂದು ನನಗೆ ಗೊತ್ತು.

ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸಿ. ಬಸ್ಸಿನಲ್ಲಿ ಕಾಲು ಚಾಚುವ ಸೀಟನ್ನೇ ಹಿಡಿಯಿರಿ. ಅಮ್ಮನವರು ನಿಮ್ಮನ್ನು ಸುಖವಾಗಿ ಊರು ಮುಟ್ಟಿಸಲಿ.

ನಿಮ್ಮ
ಸರಸ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಇವರು ಮನೆಗೆ ಬಂದರು, ಮುಖ ಸಣ್ಣದು ಮಾಡಿಕೊಂಡು. ಈ ವರ್ಷದ ಟೀಮಿನ ಪಟ್ಟಿ ಬರೆಯುವ ಕೆಲಸವನ್ನು ಚಂದಯ್ಯ ಮಾಸ್ಟ್ರು ಬೇಕೆಂದೇ ಇವರ ಕೈಗೆ ಕೊಟ್ಟಿದ್ದರಂತೆ. ದೊಡ್ಡ ಕೋಚಿನ ಮೊದಲ ಕೆಲಸವೇ ಅದು. ಬಂದವರು ಮೂವತ್ತೊಂದು ಜನ, ಬೇಕಾದವರು ಹದಿನೆಂಟು. ಇವರು ಮೂವತ್ತೊಂದು ಹೆಸರನ್ನೂ ಬರೆದು ಬೋರ್ಡಿಗೆ ಅಂಟಿಸಿ ಬಂದಿದ್ದಾರೆ. ಯಾಕೆ ಎಂದರೆ, “ಹದ್ಮೂರ್ ಮಕ್ಳಿಗೆ ನೀ ಬ್ಯಾಡ ಅಂದ್ ಹ್ಯಾಂಗ್ ಹೇಳುದೇ?” ಎಂದು ನನ್ನನ್ನೇ ಕೇಳುತ್ತಾರೆ. ಮೈಕಿನ ಮಾತೆಲ್ಲ ಬರೀ ನೆಪ ಅತ್ತಿಗೆ. ಈ ಮನುಷ್ಯನಿಂದ ದೊಡ್ಡ ಕೋಚಿನ ಕೆಲಸ ಆಗುವುದಿಲ್ಲ. ಮೇಲೆ ಬರೆದದ್ದನ್ನು ಬಿಟ್ಟುಬಿಡಿ. ಅಮ್ಮನ ಮುಂದೆ ನೀವು ಇವರ ಪ್ರಶ್ನೆಯನ್ನೇ ಕೇಳಿ. ಹೂ ಬಲಕ್ಕೇ ಬೀಳಲಿ ಎಂದು ನಾನು ಈಗಷ್ಟೇ ಹೂವಿನ ಪೂಜೆಯ ಹರಕೆ ಹೇಳಿಕೊಂಡೆ. ಇದನ್ನು ಇವರಿಗೆ ಮಾತ್ರ ಹೇಳಬೇಡಿ. ಏಳು ಮನೆಗೆ ಪಾಯಸ ಹಂಚಿದವಳು ನಾನು. ಅಮ್ಮನಿಗೆ ಸೋತೆ ಎಂದು ಇರಲಿ, ಗಂಡನಿಗೆ ಸೋತೆ ಎಂದು ಬೇಡ.