ಅಗಸಿ ಹಿಂಡಿಯ ಡಬ್ಬಿ

ರಿಗ್ಗೈ, ಕುವೈತ್
ಬುಧವಾರ, 12-11-2025

ಸೌಭಾಗ್ಯವತಿ ಬಾಳಕ್ಕನಿಗೆ ರಾಯಪ್ಪನ ಆಶೀರ್ವಾದಗಳು.

ನಾನಿಲ್ಲಿ ಆರೋಗ್ಯವಾಗಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಬಾಣಂತಿಯಿರುವ ಮನೆಯಲ್ಲಿ ಮೊಣಕಾಲಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು, ಆದರೂ ಕೇಳುವುದು ನನ್ನ ಕರ್ತವ್ಯ. ಮಗಳು ಹೊಟ್ಟೆತುಂಬ ಉಣ್ಣುತ್ತಿದ್ದಾಳೆಯೇ? ಕೂಸಿಗೆ ಎರೆಯುವ ನೀರು ಬಹಳ ಬಿಸಿ ಮಾಡಬೇಡ. ನಮ್ಮ ರವಿಕಿರಣ ಕೂಸಾಗಿದ್ದಾಗ ನೀನು ಎರೆದರೆ ಅವನ ಅಳು ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ಫೋನ್ ಇರುವಾಗ ಪತ್ರವೇಕೆ ಎಂದು ನೀನು ಕೇಳುವವಳೇ. ನೀನು ಸ್ಪೀಕರ್ ಹಾಕಿ ಮಾತಾಡುತ್ತೀ, ಇಲ್ಲಿ ಇವರೂ ಹಾಗೆಯೇ. ಎರಡು ದೇಶಕ್ಕೆ ಕೇಳುವಂತೆ ಗಂಡ ಹೆಂಡತಿ ಮಾತಾಡುವುದು ನನಗೆ ಒಗ್ಗುವುದಿಲ್ಲ. ರವಿಕಿರಣನ ಕಂಪನಿಯಲ್ಲಿ ವೆಲ್ಡರ್ ಆಗಿರುವ ವಿವೇಕ, ನಮ್ಮ ಲೋಕಾಪುರದವನು, ನಾಳೆ ರಜೆಯ ಮೇಲೆ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ಇಲ್ಲಿಯ ನನ್ನ ಡ್ಯೂಟಿ ನಿನಗೆ ಗೊತ್ತಿದ್ದದ್ದೇ. ರವಿಕಿರಣನ ಕಂಪನಿ ಬಸ್ಸು ಐದಕ್ಕೆ. ಸೊಸೆ ಸೀಮಾ ಮಿರ್ಕಾಬ್ ಬಡಾವಣೆಯ ಲ್ಯಾಬಿಗೆ ಸೇರಿದ ಮೇಲೆ ಐದೂ ಮುಕ್ಕಾಲಿಗೆ ಮನೆ ಬಿಡುತ್ತಾಳೆ. ಆಮೇಲೆ ಮೊಮ್ಮಗಳು ಸೌಂದರ್ಯಾಳನ್ನು ಎಬ್ಬಿಸಿ, ಊಟದ ಡಬ್ಬಿ ಕಟ್ಟಿ, ಆರು ಇಪ್ಪತ್ತಕ್ಕೆ ಶಾಲೆಯ ಬಸ್ಸಿಗೆ ಹತ್ತಿಸುವವನು ನಾನು. ಇದಕ್ಕೆಂದು ಅವರು ಕರೆದದ್ದು ನಿನ್ನನ್ನು. ಬಾಣಂತನ ಬಂದದ್ದರಿಂದ ವೇಗದೂತ ಕಾದವರಿಗೆ ಶಟಲ್ ಬಸ್ಸು ಸಿಕ್ಕಿತು. ಮೂವತ್ತೊಂದು ವರ್ಷ ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆದವನಿಗೆ ಒಂದು ಡಬ್ಬಿ ಕಳಿಸುವುದು ದೊಡ್ಡ ಮಾತಲ್ಲ ಎಂದುಕೊಂಡಿದ್ದೆ. ಡಬ್ಬಿ ಸರಿಯಾದ ಹೊತ್ತಿಗೆ ಹೋಗುತ್ತಿತ್ತು, ಹೋದ ಹಾಗೆಯೇ ತುಂಬಿ ಬರುತ್ತಿತ್ತು.

ಹಾಗಾಗಿ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ, ಇಂದು ಏನು ಹೋಯಿತು, ಏನು ತಿರುಗಿ ಬಂತು. ಚಪಾತಿ, ಬದನೆಕಾಯಿ ಪಲ್ಯ: ಎರಡೂ ವಾಪಸ್. ಉಪ್ಪಿಟ್ಟು: ವಾಪಸ್. ಇಡ್ಲಿ: ಒಂದು ತಿಂದಿದ್ದಾಳೆ, ಅದೂ ಅರ್ಧ. ನೀನಾದರೆ ಕೂಸಿಗೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸುತ್ತಿದ್ದೆ. ನಾನು ಸೌಂದರ್ಯಾಳನ್ನೇ ಕೇಳಿದೆ. ಅವರಿಗೆ ಉಣ್ಣಲು ಇರುವುದು ಹದಿನೈದು ನಿಮಿಷ, ಅದರಲ್ಲಿ ಹತ್ತು ನಿಮಿಷ ಮಾತಿಗೆ ಬೇಕು. ಕೈಗೆ ಎಣ್ಣೆ ಹತ್ತಬಾರದು. ಮುಚ್ಚಳ ತೆಗೆದಾಗ ಘಾಟು ಬರಬಾರದು. ಎರಡು ತುತ್ತಿಗಿಂತ ದೊಡ್ಡದಿರಬಾರದು. ನಮ್ಮ ಚಪಾತಿ ಹತ್ತು ಗಂಟೆಯ ಹೊತ್ತಿಗೆ ಬಿರುಸಾಗುತ್ತದೆ, ಇಲ್ಲಿಯ ಖುಬ್ಬೂಸ್ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಅದಕ್ಕೆ ತುಪ್ಪ ಸವರಿ, ಬೆಲ್ಲ ಉದುರಿಸಿ, ಸುತ್ತಿ, ಹೆಬ್ಬೆರಳಿನಷ್ಟು ತುಂಡು ಮಾಡಿ ಕಳಿಸಿದೆ. ಆರರಲ್ಲಿ ಮೂರು ಹೋದವು. ಅದರೊಳಗೆ ನೀನು ಕುಟ್ಟಿದ ಚಟ್ನಿಪುಡಿ, ಅದೇ ಹಿಂಡಿ, ಎರಡು ಚಮಚ ಉದುರಿಸಿದ ದಿನ ಡಬ್ಬಿ ತೊಳೆದಿಟ್ಟ ಹಾಗೆ ಖಾಲಿ ಬಂತು. ಅಂದು ನನಗಾದ ಸಂತೋಷ ನನ್ನ ಪ್ರಮೋಷನ್ನಿನ ದಿನವೂ ಆಗಿರಲಿಲ್ಲ.

ಇನ್ನು ನೀನು ಅರ್ಧಂಬರ್ಧ ಕೇಳಿರುವ ವಿಷಯ. ಮೇಲಿನ ಮಹಡಿಯಲ್ಲಿ ಮರೀನಾ ಎಂಬ ನರ್ಸ್ ಇದ್ದಾಳೆ, ಉಡುಪಿ ಕಡೆಯ ಕ್ರಿಶ್ಚಿಯನ್ನರು. ಅವಳ ಮಗಳು ಶರ್ಲಿನ್, ನಮ್ಮ ಸೌಂದರ್ಯಾ ಒಂದೇ ಕ್ಲಾಸು, ಒಂದೇ ಬೆಂಚು. ಆ ಮಗುವಿಗೆ ಶೇಂಗಾ ಆಗುವುದಿಲ್ಲ. ನಾನು ಬಂದ ದಿನವೇ ಸೀಮಾ ಹೇಳಿದ್ದಳು, "ಮಾವಾರ, ಡಬ್ಬ್ಯಾಗ ಶೇಂಗಾ ಮಾತ್ರ ಬ್ಯಾಡ್ರಿ. ಸಾಲ್ಯಾಗ ಬರದು ಕೊಟ್ಟಾರ." ಎಪ್ಪತ್ತೊಂದು ವರ್ಷದಲ್ಲಿ ಶೇಂಗಾ ಒಗ್ಗದ ಮೈ ಒಂದಿದೆ ಎಂದು ನಾನು ಕೇಳಿರಲಿಲ್ಲ. ನಮ್ಮ ಕಡೆ ಹಲ್ಲಿಲ್ಲದ ಕೂಸಿಗೂ, ಹಲ್ಲು ಬಿದ್ದ ಮುದುಕರಿಗೂ ಅದೇ ತಾನೇ. ನೀನು ಕಟ್ಟಿಕೊಟ್ಟ ಹಿಂಡಿ ಎರಡು ಡಬ್ಬಿಯಲ್ಲಿತ್ತು. ದೊಡ್ಡದನ್ನು ಮನೆಯ ಊಟಕ್ಕೆ ಇಟ್ಟು, ಸಣ್ಣದರಲ್ಲಿದ್ದುದನ್ನು ಖುಬ್ಬೂಸಿಗೆ ಹಾಕುತ್ತಿದ್ದೆ. ಮೊದಲ ದಿನವೇ ಸೌಂದರ್ಯಾ ಕೇಳಿದ್ದಳು, "ಅಜ್ಜಾ, ನೋ ಪೀನಟ್ಸ್, ರೈಟ್?" ಇದು ಅಗಸಿ ಬೀಜದ ಹಿಂಡಿ ಎಂದು ಹೇಳಲಾಯಿತು.

ಎಂಟು ದಿನ ಡಬ್ಬಿ ಖಾಲಿ ಬಂತು. ಎರಡನೆಯ ತಾರೀಖು, ರವಿವಾರ, ಶರ್ಲಿನ್ ತನಗೊಂದು ತುಂಡು ಕೇಳಿದ್ದಾಳೆ. ನಮ್ಮವಳು ಅಜ್ಜ ಹೇಳಿದ್ದನ್ನು ಹೇಳಿ ಕೊಟ್ಟಿದ್ದಾಳೆ. ಆ ಮಗುವಿನ ತುಟಿ, ಗಂಟಲು ಬಾತು ಉಸಿರಿಗೆ ತೊಂದರೆಯಾಗಿ, ಶಾಲೆಯ ನರ್ಸ್ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸಿದರು. ಒಂದು ರಾತ್ರಿ ಅಲ್ಲಿಟ್ಟುಕೊಂಡು ಬಿಟ್ಟರು. ಈಗ ಆರಾಮಾಗಿದ್ದಾಳೆ, ಮತ್ತೆ ಅದೇ ಬೆಂಚಿಗೆ ಬರುತ್ತಿದ್ದಾಳೆ.

ಮಂಗಳವಾರ ಮರೀನಾ ನಮ್ಮ ಮನೆಗೆ ಬಂದಳು. ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. "ಅಂಕಲ್, ನಾನು ಬೈಯ್ಲಿಕ್ಕೆ ಬಂದದ್ದಲ್ಲ. ನನ್ನ ಮಗು ನಿಮ್ಮ ಮಗುವಿನ ಮಾತು ನಂಬಿ ತಿಂದದ್ದು. ಡಬ್ಬಿಯಲ್ಲಿ ಎಂತ ಇತ್ತು, ಅದೊಂದು ಹೇಳಿ ಸಾಕು" ಎಂದಳು. ಸೀಮಾ, ರವಿಕಿರಣ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಸಣ್ಣ ಡಬ್ಬಿ ಅಗಸಿಯದೆಂದು ಊರಿನಿಂದ ಬಂದದ್ದು, ಕುಟ್ಟುವಾಗ ಅಲ್ಲಿಯೇ ಶೇಂಗಾ ಬೆರೆತಿರಬೇಕು ಎಂದು ತೀರ್ಮಾನವಾಯಿತು. ಮರೀನಾ ತಲೆಯಾಡಿಸಿ ಹೋದಳು. ಸೀಮಾ ಎರಡೂ ಡಬ್ಬಿಗಳನ್ನು, ನೀನು ಬಡಿದು ಕಳಿಸಿದ ಕಡಕ್ ರೊಟ್ಟಿಯನ್ನೂ ಕಸಕ್ಕೆ ಹಾಕಿದಳು. ಫೋನಿನಲ್ಲಿ ಅವಳು ಮೊದಲಿನ ಹಾಗೆ ಮಾತಾಡುತ್ತಿಲ್ಲವೇಕೆ ಎಂದು ನೀನು ಕೇಳಿದ್ದೆಯಲ್ಲ, ಇದೇ ಕಾರಣ.

ಕೊನೆಗೆ ಹೋದ ಶುಕ್ರವಾರ ಅವಳೇ ಕೇಳಿದಳು, "ಅತ್ತ್ಯಾರ, ಅಗಸಿ ಹಿಂಡ್ಯಾಗ ಶೇಂಗಾ ಕೂಡಿತ್ತೇನ್ರಿ?" ನೀನು, "ಅವರೇನಂದ್ರವಾ?" ಎಂದೆ. ನಾನು ಹೇಳಿದ್ದನ್ನು ಅವಳು ಹೇಳಿದಳು. ಅದಕ್ಕೆ ನೀನು, "ಹೌದವಾ, ನನ್ನ ಕೈತಪ್ಪು. ಕಣ್ಣು ಸರಿ ಕಾಣವಲ್ಲವು. ಆ ಕೂಸಿನ ಅವ್ವಗ ನನ್ನ ಹೆಸರಲೆ ತಪ್ಪಾತು ಅಂತ ಹೇಳು" ಎಂದೆ. ಸೌಂದರ್ಯಾ ಅಲ್ಲೇ ಕುಳಿತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಖಲಾಸ್, ಇನ್ನು ಆ ಮಾತು ಬೇಡ ಎಂದು ರವಿಕಿರಣ ಎದ್ದು ಹೋದ.

ವಿಷಯ ಮುಗಿಯಿತು. ಡಬ್ಬಿ ಮಾತ್ರ ಮತ್ತೆ ತುಂಬಿ ಬರುತ್ತಿದೆ. ಆ ರವಿವಾರದ ಈಚೆಗೆ ಎಂಟು ದಿನ ಶಾಲೆ ನಡೆದಿದೆ, ಏಳು ದಿನ ಅವಳು ಮುಚ್ಚಳವನ್ನೇ ತೆಗೆದಿಲ್ಲ. ಬೆಳಿಗ್ಗೆ ಕುಡಿದ ಹಾಲಿನ ಮೇಲೆ ಎರಡು ಗಂಟೆಯವರೆಗೆ ಇರುತ್ತಾಳೆ. ಬ್ರೆಡ್ಡು ಜಾಮ್ ಇಟ್ಟೆ, ಬರೀ ಅನ್ನ ಮೊಸರು ಇಟ್ಟೆ, ಬಾಳೆಹಣ್ಣು ಇಟ್ಟೆ. ಕೇಳಿದರೆ, "ಐ ಆಮ್ ನಾಟ್ ಹಂಗ್ರಿ, ಅಜ್ಜಾ" ಎನ್ನುತ್ತಾಳೆ. ನಿನ್ನೆ ಸೀಮಾಗೆ ರಜೆಯಿತ್ತು, ಅವಳೇ ಕಟ್ಟಿದಳು. ಅದೇ ಬ್ರೆಡ್ಡು, ಅದೇ ಜಾಮು. ಖಾಲಿ ಬಂತು. ಕಾರಣ ತಿಳಿದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಬೇರೆ ವಿಶೇಷವಿಲ್ಲ. ಇಲ್ಲಿ ಚಳಿ ಈಗಷ್ಟೇ ಶುರುವಾಗಿದೆ, ನೀನು ಕೊಟ್ಟ ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಎಲ್ಲರಿಗೂ ಬಡಿಸಿ ಉಳಿದದ್ದನ್ನಲ್ಲ.

ನಿನ್ನ,
ರಾಯಪ್ಪ

ತಾ.ಕ. ಗುರುವಾರ, ಮಧ್ಯಾಹ್ನ ಮೂರು. ವಿವೇಕ ಬಂದು ಚಹಾ ಕುಡಿಯುತ್ತಿದ್ದಾನೆ, ಅವನ ಕಪ್ಪು ಖಾಲಿಯಾಗುವುದರೊಳಗೆ ಇದನ್ನು ಮುಗಿಸಬೇಕು. ಮೇಲೆ ಬರೆದದ್ದನ್ನು ಓದಿ ನೋಡಿದೆ. ಹೇಳಲಾಯಿತಂತೆ, ತೀರ್ಮಾನವಾಯಿತಂತೆ. ಬಾಳಾ, ನೀನು ಅಗಸಿ ಹಿಂಡಿ ಕಳಿಸಿಯೇ ಇರಲಿಲ್ಲ. ಈ ಸಲ ಒಳ್ಳೆಯ ಅಗಸಿ ಸಿಗಲಿಲ್ಲವೆಂದು ನಾನು ಹೊರಡುವ ದಿನ ನೀನೇ ಪೇಚಾಡಿದ್ದೆ. ಎರಡೂ ಡಬ್ಬಿಯಲ್ಲಿ ಇದ್ದದ್ದು ಶೇಂಗಾ. ಅದು ನನಗೆ ಗೊತ್ತಿತ್ತು. ಪಟ್ಟಣದವರ ಸೋಗು, ಎರಡು ಚಮಚಕ್ಕೆ ಏನಾಗುತ್ತದೆ, ತಿನ್ನುವವಳು ನಮ್ಮ ಹುಡುಗಿ ತಾನೇ ಎಂದು ಹಾಕಿದೆ. ಕೂಸು ಕೇಳಿದಾಗ ಸುಳ್ಳು ಹೇಳಿದೆ. ಡಿಪೋದಲ್ಲಿ ಗಾಡಿ ಗುದ್ದಿದರೆ ರಜೆಯಲ್ಲಿದ್ದವನ ಹೆಸರಿಗೆ ತಪ್ಪು ಬರೆಯುತ್ತಿದ್ದರು, ಅವನು ಎದುರು ನಿಂತು ಉತ್ತರ ಕೊಡಲಾರ ಎಂದು. ಅಂಥವರನ್ನು ನಾನು ಎಷ್ಟು ಬೈದಿದ್ದೇನೆ, ನಿನಗೇ ಗೊತ್ತು. ಮರೀನಾ ಎದುರು ನಾನೂ ಅದನ್ನೇ ಮಾಡಿದೆ. ನನಗೆ ನಾಚಿಕೆಯಾಗಿದೆ.

ಇಂದು ಬೆಳಿಗ್ಗೆ ಸೌಂದರ್ಯಾಗೆ ಎಲ್ಲ ಹೇಳಿದೆ. ಅವಳು ಬೂಟಿನ ಲೇಸು ಬಿಟ್ಟು ನನ್ನನ್ನೇ ನೋಡಿದಳು. "ಬಟ್ ಅಜ್ಜಿ ಸೇಡ್ ಸಾರಿ" ಎಂದಳು. ಆಮೇಲೆ ಸ್ಟೂಲು ಎಳೆದುಕೊಂಡು ಹತ್ತಿ, ಡಬ್ಬಿಗೆ ಅನ್ನವನ್ನೂ ಮೊಸರನ್ನೂ ತಾನೇ ಹಾಕಿಕೊಂಡಳು, ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಮುಚ್ಚಳ ಬಿಗಿ, ಅವಳ ಕೈಗೆ ಬರಲಿಲ್ಲ. ಅದನ್ನಷ್ಟೇ ನನಗೆ ಕೊಟ್ಟಳು. ಎರಡಕ್ಕೆ ಅವಳ ಬಸ್ಸು ಬಂತು. ಡಬ್ಬಿಯಲ್ಲಿ ಒಂದು ತುತ್ತು ಉಳಿದಿದೆ.

ನಾಲ್ಕೂವರೆಗೆ ಸೀಮಾ ಬರುತ್ತಾಳೆ. ಅವಳಿಗೆ ಹೇಳಿ, ಮೇಲೆ ಹೋಗಿ ಮರೀನಾಗೂ ಹೇಳುತ್ತೇನೆ. ಈ ಪತ್ರ ಮುಟ್ಟುವ ಮೊದಲೇ ನಿನಗೆ ಫೋನ್ ಬರುತ್ತದೆ. ಆಗಲೂ ನೀನು, ಇಲ್ಲವಾ, ನನ್ನದೇ ಕೈತಪ್ಪು ಎಂದು ನನ್ನ ಮಾನ ಉಳಿಸಲು ನೋಡುತ್ತೀ, ನಲವತ್ತನಾಲ್ಕು ವರ್ಷ ನೋಡಿದ್ದೇನೆ. ಹಾಗೆ ಹೇಳಬೇಡ. ಸ್ಪೀಕರ್ ಹಾಕಿಯೇ ಮಾತಾಡು, ಇಲ್ಲಿಯೂ ಹಾಕಿರುತ್ತೇವೆ, ಸೌಂದರ್ಯಾ ಕೇಳಿಸಿಕೊಳ್ಳಲಿ.