ಅಮ್ಮನ ಹೊಟ್ಟೆಯೊಳಗಿನ ಪೊರೆ

ಏಪ್ರಿಲ್ ೨೩, ಗುರುವಾರ. ಕೊಡಿಗೇಹಳ್ಳಿ.

ಇವತ್ತೂ ಅಮ್ಮನ ಹೊಟ್ಟೆಗೆ ಬಿಟ್ಟ ನೀರಿಗಿಂತ ಹೊರಗೆ ಬಂದದ್ದೇ ಕಡಿಮೆ. ಕಿಡ್ನಿಗಳು ರಾಜೀನಾಮೆ ಕೊಟ್ಟ ಮೇಲೆ ಹೊಟ್ಟೆಯೊಳಗಿನ ತೆಳುಪೊರೆಯೊಂದು ಆ ಖಾತೆಯನ್ನು ಹೆಚ್ಚುವರಿಯಾಗಿ ನಿಭಾಯಿಸುತ್ತಿದೆ. ಮನೆಯಲ್ಲೇ ಮಾಡುವ ಡಯಾಲಿಸಿಸ್ ಇದು: ನಾವು ಕೊಳವೆಯಲ್ಲಿ ಹೊಟ್ಟೆಗೆ ಸಕ್ಕರೆ ಬೆರೆತ ನೀರು ಬಿಡುತ್ತೇವೆ, ಕೆಲವು ಗಂಟೆ ಕಳೆದು ಹೊರಗೆ ಹರಿಸುತ್ತೇವೆ. ರಕ್ತದಲ್ಲಿ ಹೆಚ್ಚಾದ ನೀರನ್ನು ಆ ಸಕ್ಕರೆ ಪೊರೆಯಾಚೆಯಿಂದ ಎಳೆದುಕೊಳ್ಳುತ್ತದೆ, ಕಸವೂ ಜೊತೆಗೆ ದಾಟಿ ಬರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಕಳೆದುಕೊಂಡವಳಿಗೆ ಸಕ್ಕರೆಯೇ ಮದ್ದು! ನನ್ನ ಹಾಸ್ಯ ಅಂಕಣದಲ್ಲಿ ಇದನ್ನು ಬರೆದರೆ ಸಂಪಾದಕರು ಅತಿಯಾಯಿತು ಎನ್ನುತ್ತಾರೆ.

ಈಗ ಪೊರೆಯೂ ದಣಿದಿದೆಯಂತೆ. ನೀರು ಅಳೆದು ಕುಡಿಯಬೇಕು, ಉಪ್ಪು ಮುಟ್ಟಬಾರದು ಎಂದರು ಡಾಕ್ಟರು. ಅಮ್ಮ ಬೆಳಗ್ಗೆ ಪಕ್ಕದ ಬೀದಿಯ ಪಟಾಲಮ್ಮನ ಗೃಹಪ್ರವೇಶಕ್ಕೆ ಹೋಗಿ ಚೊಂಬು ತುಂಬಾ ಉಪ್ಪು ಮಜ್ಜಿಗೆ ಕುಡಿದು ಬಂದಿದ್ದಾಳೆ.

“ಯಾಕಮ್ಮಾ ಕುಡಿದೆ?”

“ಒಸ ಮನೆ ಕಣ್ಲಾ. ಕೊಟ್ಟಿದ್ನ ಬ್ಯಾಡ ಅಂದ್ರೆ ಆ ಮನೆ ಏಳ್ಗೆ ಆಯ್ತದಾ?”

“ನಿನ್ನ ಕಾಲು ನೋಡ್ಕೋ, ಆನೆ ಕಾಲಾಗಿದೆ.”

“ಗಣೇಸನ್ಗೆ ಕೈ ಮುಗಿಯಾಕಿಲ್ವಾ? ಇದುಕ್ಕೂ ಮುಗಿ.”

ನಗಿಸುವ ಕಸುಬು ನನಗೆ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಿಲ್ಲ. ನಕ್ಕೆ. ಆದರೆ ಬೆರಳಿಂದ ಒತ್ತಿದ ಕಡೆ ಅವಳ ಪಾದದಲ್ಲಿ ಬಿದ್ದ ಗುಳಿ ಎಷ್ಟು ಹೊತ್ತಾದರೂ ಮುಚ್ಚಲಿಲ್ಲ.

ಮಲಗುವ ಮೊದಲು “ಒಂದ್ ಗುಟುಕು ನೀರು ಕೊಡು ಕಣ್ಲಾ” ಎಂದಳು. ಇಲ್ಲವೆನ್ನಲು ಬಾಯಿ ಬರಲಿಲ್ಲ, ಕೊಡಲು ಕೈ ಬರಲಿಲ್ಲ. ಚೂರು ಐಸ್ ಚಮಚದಲ್ಲಿ ನಾಲಿಗೆಯ ಮೇಲಿಟ್ಟೆ. ಕರಗುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು. ಆಮೇಲೆ ಇನ್ನೊಂದು ಕೇಳಲಿಲ್ಲ. ಬಾಯಿ ಮಾತ್ರ ಇನ್ನೊಂದು ಚೂರಿಗೆ ಕಾದಂತೆ ಹಾಗೇ ತೆರೆದಿತ್ತು, ಅವಳಿಗೆ ನಿದ್ದೆ ಹತ್ತುವವರೆಗೂ ನಾನು ಅಲ್ಲೇ ಖಾಲಿ ಚಮಚ ಹಿಡಿದು ಕೂತಿದ್ದೆ.