ಹದಿನೇಳನೇ ನಂಬರಿನ ಸೀಟು

ಕಾರ್ ಕ್ಲಬ್ಬಿನ ಗಾಡಿ ತಪಾಸಣೆ ಮಾಡೋ ಮೇಷ್ಟ್ರಿಗೆ,

ನಮಸ್ಕಾರ. ಅಣ್ಣನ ಮಣ್ಣಿಗೆ ಬಂದಾಗ ನೀವು, "ಕಾರನ್ನ ತುಕ್ಕು ಹಿಡಿಯೋಕೆ ಬಿಡಬೇಡಮ್ಮಾ" ಅಂದಿದ್ರಿ. ಭಾನುವಾರದ ಕಾರ್ ಓಟಕ್ಕೆ ಅವನೇ ಆಸ್ಪತ್ರೆಯಲ್ಲಿ ಮಲಗಿಕೊಂಡು ತುಂಬಿದ್ದ ಅರ್ಜಿ ಕಳಿಸ್ತಿದ್ದೀನಿ. ಓಡಿಸೋರ ಹೆಸರು ಮಾತ್ರ ಹೊಡೆದುಹಾಕಿ ನನ್ನದು ಬರೆದಿದ್ದೀನಿ. ನಂಬರು ಹದಿನೇಳೇ ಇರಲಿ.

ನೀವು ಹೇಳಿದ್ದೆಲ್ಲ ಮಾಡಿದೆ. ಬ್ರೇಕ್ ಆಯಿಲ್ ಬದಲಾಯಿಸಿದೆ, ಬ್ಯಾಟರಿ ಬಿಗಿದೆ. ಡಿಕ್ಕಿಯಲ್ಲಿ ಅವನ ಆಸ್ಪತ್ರೆ ಚೀಲ ಇನ್ನೂ ಹಾಗೇ ಇತ್ತು, ಅಮ್ಮನ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟೆ. ಹೆಲ್ಮೆಟ್ ಹೊಸದು ತಂದೆ. ಅವನದು ನನ್ನ ತಲೆ ಮೇಲೆ ಗಿರಗಿರ ತಿರುಗುತ್ತೆ.

ಒಂದೇ ತೊಡಕು. ಅವನ ಉದ್ದ ನಿಮಗೆ ಗೊತ್ತಲ್ಲ. ಅವನ ಸೀಟಲ್ಲಿ ಕೂತರೆ ನನ್ನ ಕಾಲು ಕ್ಲಚ್ಚಿಗೆ ಎಟುಕಲ್ಲ, ಬೆನ್ನಿಗೆ ದಿಂಬು ಕೊಟ್ಟರೆ ಎಟುಕುತ್ತೆ. ಕಾರಲ್ಲಿ ಸಡಿಲವಾಗಿ ಏನೂ ಇರಬಾರದು ಅನ್ನೋ ನಿಮ್ಮ ನಿಯಮ ಗೊತ್ತು. ಅದಕ್ಕೇ ದಿಂಬನ್ನ ಸೀಟಿಗೇ ಹೊಲಿದುಬಿಟ್ಟಿದ್ದೀನಿ. ಮೆಷಿನ್ ತುಳಿದು ಬದುಕೋಳು ನಾನು. ನನ್ನ ಹೊಲಿಗೆ ಬಿಚ್ಚಿಕೊಂಡಿದ್ದನ್ನ ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ.

"ಸೀಟನ್ನ ಮುಂದಕ್ಕೆ ಎಳೆದರೆ ಮುಗೀತಲ್ಲಮ್ಮಾ" ಅಂತೀರಿ. ಮುಗಿಯುತ್ತೆ, ನಿಜ. ದಿಂಬು ನಡೆಯೋದೇ ಇಲ್ಲ ಅಂದರೆ, ಭಾನುವಾರ ಬೇರೆಯವರು ಬರೋ ಮುಂಚೆ ನೀವೇ ಬಂದು ಎಳೆದುಕೊಡಿ, ಮೇಷ್ಟ್ರೇ. ಹಿಡಿ ಸೀಟಿನ ಕೆಳಗಿದೆ, ಸುಲಭವಾಗಿ ಜಾರುತ್ತೆ. ನನಗೆ ಕೈ ಬರ್ತಿಲ್ಲ.

ಇಂತಿ,
ಅವನ ಬಾಯಲ್ಲಿ ಯಾವತ್ತೂ
ಕುಳ್ಳಿ